ವೈಶಾಖದ ಬಿಸಿಲಲ್ಲಿ ಹಿಮದ ಜಾರುಬಂಡಿ

ಜಪಾನಿನಿಂದ ಬಂದ ಮಾರನೆಯ ದಿನ ತಿಪಟೂರಿನ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯ ಮುಂದೆ ನಿಂತಿದ್ದೆ. ಎದುರು ಮನೆಯವರು ನನ್ನನ್ನು ನೋಡಿದವರೇ, "ಇದೇನ್ರೀ, ಮೂಗು ಹೀಗೆ ಸುಲಿದುಹೋಗಿದೆ! ಒಲೆ ಮುಂದೆ ಏನಾದರೂ ಆಯ್ತಾ?" ಎಂದರು. "ಇಲ್ಲ ಕಣ್ರೀ, ಹಿಮದಲ್ಲಿ ಸುಟ್ಟಿದ್ದು" ಎಂದೆ. ಅವರು ಕೈಯಲ್ಲಿದ್ದ ಬದನೆಕಾಯಿಯನ್ನು ಗಾಡಿಗೇ ಹಾಕಿ, ಗಲ್ಲಕ್ಕೆ ಕೈ ಕೊಟ್ಟು ನಿಂತರು. ಹಿಮದಲ್ಲಿ ಸುಡುವುದೆಂದರೇನು, ಅದೂ ಮೇ ತಿಂಗಳಲ್ಲಿ? ಅವರಿಗೆ ಹೇಳಿದ್ದನ್ನೇ ಕೊಂಚ ವಿವರವಾಗಿ ನಿಮಗೂ ಹೇಳುತ್ತೇನೆ.

ನನ್ನ ವಯಸ್ಸು 64. ಹುಟ್ಟಿದ್ದು ತುರುವೇಕೆರೆ ಹತ್ತಿರದ ಹಳ್ಳಿ, ಕೊಟ್ಟಿದ್ದು ಚಿಕ್ಕನಾಯಕನಹಳ್ಳಿ ಕಡೆಗೆ, ಮಕ್ಕಳ ಓದಿಗೆಂದು ಬಂದು ನೆಲೆಸಿದ್ದು ತಿಪಟೂರು. ಈ ಮೂರು ಊರುಗಳ ತೆಂಗಿನ ಮರಗಳ ನೆರಳು ಬಿಟ್ಟು ನಾನು ಹೆಚ್ಚು ದೂರ ಹೋದವಳಲ್ಲ. ಹೋದದ್ದೆಲ್ಲ ಒಂದೋ ಮದುವೆಗೆ, ಇಲ್ಲ ಬಾಣಂತನಕ್ಕೆ, ಇಲ್ಲ ಆಸ್ಪತ್ರೆಗೆ, ಇಲ್ಲ ಹರಕೆಗೆ. ಹತ್ಯಾಳು ಬೆಟ್ಟವನ್ನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಆದರೆ ಒಮ್ಮೆಯೂ ಸುಮ್ಮನೆ ಹತ್ತಿದ್ದಿಲ್ಲ. ಕೈಯಲ್ಲಿ ಹಣ್ಣುಕಾಯಿ ಇದ್ದೇ ಇರುತ್ತಿತ್ತು.

ಮಗಳು, ಅಳಿಯ, ಮೊಮ್ಮಗಳು ಟೋಕಿಯೋ ನಗರದ ನಿಶಿ-ಕಸಾಯ್ ಎಂಬ ಬಡಾವಣೆಯಲ್ಲಿದ್ದಾರೆ. ನಮ್ಮ ದೇಶದವರು ಬಹಳ ಮಂದಿ ಇರುವ ಜಾಗವಂತೆ. ತೊಗರಿಬೇಳೆ, ಹುಣಸೆಹಣ್ಣು, ಕರಿಬೇವು ಎಲ್ಲವೂ ಸಿಕ್ಕುತ್ತದೆ. ಇದು ಗೊತ್ತಿಲ್ಲದೆ ನಾನು ಪೆಟ್ಟಿಗೆಯ ತುಂಬ ಸಾಮಾನು ತುಂಬಿದ್ದೆ. ಅದರಲ್ಲಿ ಎರಡು ಕೆ.ಜಿ. ಉಂಡೆ ಕೊಬ್ಬರಿ, ಸ್ವಂತ ತೋಟದ್ದು, ಅಟ್ಟದಲ್ಲಿ ಹನ್ನೊಂದು ತಿಂಗಳು ಇದ್ದದ್ದು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿ ಅಷ್ಟನ್ನೂ ಎತ್ತಿಟ್ಟುಕೊಂಡರು! ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆಯಂತೆ, ವಿಮಾನಕ್ಕೆ ಬಿಡುವುದಿಲ್ಲ. ಮಕ್ಕಳು ಪರದೇಶದಲ್ಲಿರುವ ತಾಯಂದಿರು ಇದನ್ನು ನೆನಪಿಡಿ. ಅದೃಷ್ಟಕ್ಕೆ ಚಟ್ನಿಪುಡಿಯ ಡಬ್ಬಿಯನ್ನು ಬಿಟ್ಟರು. ಅದರ ಕಥೆ ಮುಂದೆ ಬರುತ್ತದೆ.

ಮೇ ತಿಂಗಳ ನಡುವೆ ಒಂದು ಶುಕ್ರವಾರ ರಾತ್ರಿ ಮಗಳು, "ಅಮ್ಮ, ನಾಳೆ ಬೆಳಿಗ್ಗೆ ಬೇಗ ಏಳ್ಬೇಕು. ಸ್ಕೀ ಮಾಡೋಕೆ ಹೋಗ್ತಿದೀವಿ" ಎಂದಳು.

"ಅಲ್ಲೇನು ದೇವಸ್ಥಾನ ಇದೆಯಾ?"

"ಇದೆ. ಆದ್ರೆ ನಾವು ಅದಕ್ಕೆ ಹೋಗ್ತಿಲ್ಲ."

"ಮತ್ತೆ ಇನ್ಯಾವುದಕ್ಕೆ?"

"ಸುಮ್ನೆ ಕಣಮ್ಮ."

ಈ 'ಸುಮ್ನೆ' ಎಂಬುದು ನನಗೆ ಒಗ್ಗುವ ಮಾತಲ್ಲ. ರೈಲಿನ ಖರ್ಚೆಷ್ಟು, ಉಳಿದುಕೊಳ್ಳುವುದಕ್ಕೆಷ್ಟು ಎಂದು ಮನಸ್ಸಿನಲ್ಲೇ ಕೂಡಿಸುತ್ತಾ ಮಲಗಿದೆ. ಅಷ್ಟಾದರೂ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಿತ್ರಾನ್ನ ಕಲಸಿದೆನೆನ್ನಿ.

ಚಂದ್ರನ ಬೆಟ್ಟ

ಟೋಕಿಯೋದಿಂದ ಉತ್ತರಕ್ಕೆ ಬುಲೆಟ್ ರೈಲಿನಲ್ಲಿ ಎರಡೂ ಮುಕ್ಕಾಲು ಗಂಟೆ ಹೋದರೆ ಯಮಗಾತಾ ಎಂಬ ಊರು. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಬೆಟ್ಟದ ಕಡೆಗೆ. ನಾವು ಹೊರಟದ್ದು ಗಸ್ಸಾನ್ ಬೆಟ್ಟಕ್ಕೆ. ಗಸ್ಸಾನ್ ಎಂದರೆ ಚಂದ್ರನ ಬೆಟ್ಟ, ಎತ್ತರ 1984 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಒಂದಿಷ್ಟು ಮಾತ್ರ ಹೆಚ್ಚು. ಜಪಾನೀಯರಿಗೆ ಇದು ಪವಿತ್ರ ಬೆಟ್ಟ, ತುದಿಯಲ್ಲಿ ಚಂದ್ರದೇವನ ಗುಡಿ. ಬೇಸಿಗೆಯಲ್ಲಿ ಬಿಳಿ ಬಟ್ಟೆ ತೊಟ್ಟ ಯಾತ್ರಿಕರು ನಡೆದು ಹತ್ತುತ್ತಾರೆ.

ಬೇರೆ ಕಡೆ ಸ್ಕೀ ಆಟ ಡಿಸೆಂಬರಿಗೆ ಆರಂಭವಾಗಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಗಸ್ಸಾನಿನದು ಉಲ್ಟಾ. ಎಲ್ಲರ ಅಂಗಡಿ ಮುಚ್ಚುವಾಗ ಇಲ್ಲಿ ಬಾಗಿಲು ತೆರೆಯುತ್ತದೆ. ಏಪ್ರಿಲ್‌ನಲ್ಲಿ ಆರಂಭ, ಜುಲೈವರೆಗೂ ಆಟ. ಕಾರಣ ಕೇಳಿದರೆ ನಗು ಬರುತ್ತದೆ. ಚಳಿಗಾಲದಲ್ಲಿ ಅಲ್ಲಿ ಬೀಳುವ ಹಿಮ ಎಷ್ಟೆಂದರೆ ರಸ್ತೆಯೇ ಮುಚ್ಚಿಹೋಗುತ್ತದೆ, ಸ್ಕೀ ಮಾಡುವವರು ಬೆಟ್ಟದ ಬುಡಕ್ಕೂ ಹೋಗುವ ಹಾಗಿಲ್ಲ.

ಇಷ್ಟು ಹಿಮ ಯಾಕೆ? ಅಳಿಯ ಕಾರು ಓಡಿಸುತ್ತಾ ವಿವರಿಸಿದರು. ಚಳಿಗಾಲದಲ್ಲಿ ಸೈಬೀರಿಯಾದಿಂದ ಬೀಸುವ ಕೊರೆಯುವ ಒಣಗಾಳಿ ಜಪಾನ್ ಸಮುದ್ರ ದಾಟುವಾಗ ನೀರಿನ ಪಸೆ ಹೀರಿಕೊಳ್ಳುತ್ತದೆ. ಈ ಕಡೆಯ ಬೆಟ್ಟಸಾಲಿಗೆ ಬಡಿದು ಅಷ್ಟನ್ನೂ ಹಿಮವಾಗಿ ಸುರಿಸಿಬಿಡುತ್ತದೆ. ಬೆಟ್ಟ ದಾಟಿ ಟೋಕಿಯೋ ಕಡೆಗೆ ಹೋಗುವಷ್ಟರಲ್ಲಿ ಗಾಳಿ ಬರಿಗೈ. "ಅಯ್ಯೋ, ಇದು ನಮ್ಮ ಕಥೇನೇ ಅಲ್ಲವೇ!" ಎಂದೆ. ಸಕಲೇಶಪುರದ ಘಟ್ಟದಲ್ಲಿ ಧೋ ಎಂದು ಸುರಿದು ತಿಪಟೂರಿಗೆ ಬರುವಷ್ಟರಲ್ಲಿ ಖಾಲಿಯಾಗುವ ಮೋಡಗಳನ್ನು ನೋಡುತ್ತಲೇ ಬೆಳೆದವರಲ್ಲವೇ ನಾವು? ಭೂಗೋಳದ ಪಾಠ ನನಗೆ ಅಂದು ಅರ್ಥವಾದಷ್ಟು ಶಾಲೆಯಲ್ಲೂ ಅರ್ಥವಾಗಿರಲಿಲ್ಲ.

ಬೆಟ್ಟದ ಕೆಳಗೆ ಶಿಜು ಎಂಬ ಪುಟ್ಟ ಊರು. ಹೆಚ್ಚಿನವೆಲ್ಲ ತಂಗುವ ಮನೆಗಳು, ಬಿಸಿನೀರಿನ ಊಟೆಯ ಸ್ನಾನದ ಮನೆಗಳು. ಅಲ್ಲಿ ಸಾಮಾನು ಇಳಿಸಿ ಮೇಲಕ್ಕೆ ಹೊರಟೆವು. ರಸ್ತೆಯ ಇಕ್ಕೆಲದಲ್ಲಿ ಇನ್ನೂ ಕರಗದ ಹಿಮದ ಗೋಡೆ. ಅದರ ಮೇಲೆ ಆಗ ತಾನೇ ಚಿಗುರಿದ ಬೀಚ್ ಮರಗಳು. ಎಳೆ ಹುಣಸೆ ಚಿಗುರಿನಂಥ ಹಸಿರು. ಪ್ರತಿ ಮರದ ಬುಡದಲ್ಲೂ ಹಿಮ ದುಂಡಗೆ ಕರಗಿ, ನಾವು ತೆಂಗಿನ ಸಸಿಗೆ ಪಾತಿ ಮಾಡಿದ ಹಾಗೆ ಗುಂಡಿಯಾಗಿತ್ತು. ಇಡೀ ಕಾಡಿಗೆ ಯಾರೋ ಕುಳಿತು ಪಾತಿ ತೆಗೆದಂತೆ! ಬಿಸಿಲಿಗೆ ಮರದ ಕಾಂಡ ಕಾವೇರಿ ಸುತ್ತಲಿನ ಹಿಮ ಮೊದಲು ಕರಗುತ್ತದಂತೆ. ಇದಕ್ಕೂ ಅವರ ಭಾಷೆಯಲ್ಲಿ ಹೆಸರಿದೆ, 'ಬೇರಿನ ಬಾಯಿ ತೆರೆಯುವುದು' ಎಂಬಂಥ ಅರ್ಥ.

ನನ್ನ ಉಡುಪಿನ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ. ಸೀರೆ ಬೇಡವೆಂದರು. ಮಗಳ ಪ್ಯಾಂಟು, ಅದರ ಮೇಲೆ ನನ್ನ ಜುಬ್ಬದಂಥ ಕುರ್ತಾ, ಸ್ವೆಟರು, ಕಾಲಿಗೆ ತಂಗುಮನೆಯವರು ಕೊಟ್ಟ ರಬ್ಬರ್ ಬೂಟು. ಗದ್ದೆ ಕೆಲಸಕ್ಕೆ ಅಲ್ಲಿನ ರೈತರು ಹಾಕುವಂಥದ್ದು. ಕನ್ನಡಿಯಲ್ಲಿ ನೋಡಿದರೆ ನಮ್ಮ ತೋಟಕ್ಕೆ ಔಷಧಿ ಹೊಡೆಯಲು ಬರುವ ಹುಡುಗನ ಹಾಗೇ ಇದ್ದೆ. ಮೊಮ್ಮಗಳು "ಅಜ್ಜಿ ಸೂಪರ್" ಎಂದಳು. ಒಂದು ತಪ್ಪು ಮಾಡಿದೆ. ಮಗಳು ಮುಖಕ್ಕೆ ಹಚ್ಚಲು ಕ್ರೀಮು ಕೊಟ್ಟಾಗ "ಈ ವಯಸ್ಸಿಗೆ ಎಂಥ ಕ್ರೀಮು" ಎಂದು ಪಕ್ಕಕ್ಕಿಟ್ಟೆ. ಬಿಸಿಲು ಮೇಲಿನಿಂದ ಮಾತ್ರ ಬರುತ್ತದೆಂಬ ನಮ್ಮ ಎಣಿಕೆ ಅಲ್ಲಿ ನಡೆಯದು. ಹೊಸ ಹಿಮ ಬಿಸಿಲಿನ ಸುಡುವ ಕಿರಣಗಳನ್ನು ನೂರಕ್ಕೆ 80ರವರೆಗೂ ಹಿಂದಕ್ಕೆ ಎಸೆಯುತ್ತದೆ. ಹಳೆಯ ಹಿಮದ ಪಾಲು ಅದಕ್ಕಿಂತ ಕಡಿಮೆಯಾದರೂ ನನ್ನ ಮೂಗಿಗೆ ಅಷ್ಟೇ ಸಾಕಾಯಿತು. ಕಪ್ಪು ಕನ್ನಡಕವನ್ನಾದರೂ ಹಾಕಿಕೊಂಡದ್ದರಿಂದ ಕಣ್ಣು ಉಳಿಯಿತು. ಕಾಶ್ಮೀರಕ್ಕೋ ಮನಾಲಿಗೋ ಹೋಗುವವರು ಈ ಎರಡನ್ನೂ ಮರೆಯಬೇಡಿ.

ದಪ್ಪ ಸಕ್ಕರೆಯ ಹಿಮ

ಕಾರು ನಿಲ್ಲಿಸುವ ಜಾಗದಿಂದ ಲಿಫ್ಟಿನವರೆಗೆ ಕಾಲು ಗಂಟೆಯ ಏರು. ಆ ಜಾಗದ ಹೆಸರು ಉಬಸಾವಾ, ಮೇಲೆ ಕಾಣುವ ಶಿಖರ ಉಬಗತಾಕೆ, 1670 ಮೀಟರ್. 'ಉಬ' ಎಂದರೆ ಮುದುಕಿ. ಅಂದರೆ ಅಜ್ಜಿ ಹಳ್ಳ, ಅಜ್ಜಿ ಬೆಟ್ಟ! "ನಿನಗೋಸ್ಕರಾನೇ ಹುಡುಕಿದ್ದು" ಎಂದು ಮಗಳು ಕೀಟಲೆ ಮಾಡಿದಳು. ಮಂಡಿನೋವಿನ ನಾನು ಒಂದೊಂದೇ ಹೆಜ್ಜೆ ಒತ್ತಿ ಒತ್ತಿ ಇಡುತ್ತಾ ಹತ್ತಿದೆ. ನನ್ನನ್ನು ದಾಟಿ ಹೆಗಲ ಮೇಲೆ ಸ್ಕೀ ಹಲಗೆ ಹೊತ್ತು ಹೋಗುತ್ತಿದ್ದವರಲ್ಲಿ ಅರ್ಧದಷ್ಟು ನನ್ನ ವಯಸ್ಸಿನವರೇ. ಚಳಿಗಾಲದಲ್ಲಿ ಹುಡುಗರ ನೂಕುನುಗ್ಗಲು, ಮೇ ತಿಂಗಳ ಮೊದಲ ವಾರದ ರಜೆಗಳಲ್ಲಿ ಸಂಸಾರಸ್ಥರ ಜಾತ್ರೆ. ಅದು ಕಳೆದ ಮೇಲೆ ಬರುವವರು ಅವಸರವಿಲ್ಲದವರು.

ಲಿಫ್ಟು ಎಂದರೆ ಕಬ್ಬಿಣದ ಹಗ್ಗಕ್ಕೆ ನೇತುಹಾಕಿದ ಜೋಡಿ ಕುರ್ಚಿಗಳು. ನಿಲ್ಲುವುದೇ ಇಲ್ಲ. ಹಿಂದಿನಿಂದ ಬಂದು ಮಂಡಿಗೆ ತಾಕಿದ ತಕ್ಷಣ ಕೂತುಬಿಡಬೇಕು. ಸಂತೆಗೆ ಹೋಗುವ ಬಸ್ಸಿಗೆ ಓಡಿ ಹತ್ತಿದ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂತು. ಕೂತ ಮೇಲೆ ಕಣ್ಣು ಮುಚ್ಚಿ ದಾಸರೀಘಟ್ಟದ ಚೌಡೇಶ್ವರಮ್ಮನನ್ನು ನೆನೆದೆ. ಕಣ್ಣು ಬಿಟ್ಟರೆ ಕಾಲ ಕೆಳಗೆ ಬಿಳುಪು, ಎದುರಿಗೆ ಅಸಾಹಿ ಬೆಟ್ಟಸಾಲು. ಜೋಡಿಸಿಟ್ಟ ಗಿಟುಕುಗಳ ಹಾಗೆ ಒಂದರ ಹಿಂದೊಂದು.

ಮೇಲೆ ಹೋಗಿ ಹಿಮ ಮುಟ್ಟಿದೆ. ಹತ್ತಿಯ ಹಾಗಿರುತ್ತದೆ ಎಂದುಕೊಂಡಿದ್ದವಳಿಗೆ ಆಶ್ಚರ್ಯ. ಬೆರಳ ಸಂದಿಯಲ್ಲಿ ದಪ್ಪ ದಪ್ಪ ಕಾಳು! ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಮತ್ತೆ ಹೆಪ್ಪುಗಟ್ಟಿ ವಸಂತದ ಹಿಮ ಹೀಗೆ ಕಾಳುಗಟ್ಟುತ್ತದೆ. ಜಪಾನೀಯರು ಇದನ್ನು 'ಜರಮೆ' ಎನ್ನುತ್ತಾರೆ. ಜರಮೆ ಎಂದರೆ ಅವರ ಅಡಿಗೆಮನೆಯ ದಪ್ಪ ಸಕ್ಕರೆ. ಈ ಹೆಸರಿಟ್ಟವರು ಹೆಂಗಸರೇ ಇರಬೇಕು, ನನಗೆ ಅನುಮಾನವಿಲ್ಲ. ಅದರ ಮೇಲೆ ಬೀಚ್ ಮೊಗ್ಗಿನ ಕಂದು ಸಿಪ್ಪೆಗಳು ಉದುರಿ ಚೆಲ್ಲಿದ್ದವು. ಚಿತ್ರದಲ್ಲಿ ಕಾಣುವ ಹಾಗೆ ಅಚ್ಚ ಬಿಳುಪಲ್ಲ. ಚೀನಾದ ಮರಳುಗಾಡಿನ ಹಳದಿ ಧೂಳೂ ವಸಂತದ ಗಾಳಿಯಲ್ಲಿ ಬಂದು ಬೀಳುತ್ತದಂತೆ.

ಇಂಥ ಹಿಮದಲ್ಲಿ ಕಲಿಯುವುದು ಸುಲಭವೆಂದು ಮಗಳು ಹೇಳಿದಳು. ಗಟ್ಟಿ ಹಿಮದ ಹಾಗೆ ಕಾಲು ಕಿತ್ತುಕೊಂಡು ಹೋಗುವುದಿಲ್ಲ, ಬಿದ್ದರೂ ಹೆಚ್ಚು ಪೆಟ್ಟಿಲ್ಲ. ಹೊಸಬರು ಮೊದಲು ಕಲಿಯುವುದು ನಿಲ್ಲುವುದನ್ನು. ಎರಡು ಹಲಗೆಗಳ ಮುಂತುದಿ ಹತ್ತಿರ, ಹಿಂತುದಿ ದೂರ, ನಮ್ಮ ಗುಡಿಸಲಿನ ಸೂರಿನಂತೆ ಇಟ್ಟುಕೊಂಡರೆ ವೇಗ ತಾನೇ ತಗ್ಗುತ್ತದೆ. ಮಗಳು 36ನೆಯ ವಯಸ್ಸಿನಲ್ಲಿ ಕಲಿತವಳು. ಅವಳು ಹಾಗೆ ಸೂರು ಮಾಡಿಕೊಂಡು ಇಳಿಯುವುದನ್ನು ನಿಂತು ನೋಡಿದೆ. ಎರಡು ಸಲ ಬಿದ್ದಳು. ಬಿದ್ದು ನಕ್ಕಳು. ಆಫೀಸಿನ ಫೋನು ಹಿಡಿದು ಅಡಿಗೆಮನೆಯಲ್ಲೂ ಓಡಾಡುವ ಹುಡುಗಿ ಇವಳೇನಾ ಎನ್ನಿಸಿತು.

ಜಪಾನಿಗೂ ಈ ಆಟ ಹೊರಗಿನಿಂದ ಬಂದದ್ದೇ. 1911ರ ಜನವರಿ 12ರಂದು ತಕಾದಾ ಎಂಬ ಊರಿನಲ್ಲಿ ಥಿಯೋಡರ್ ಫಾನ್ ಲೆರ್ಖ್ ಎಂಬ ಆಸ್ಟ್ರಿಯಾ-ಹಂಗೆರಿಯ ಸೇನಾಧಿಕಾರಿ ಅಲ್ಲಿನ ಸೈನಿಕರಿಗೆ ಹೇಳಿಕೊಟ್ಟ. ಆಗ ಎರಡು ಕೋಲು ಇರಲಿಲ್ಲ, ಹರಿಗೋಲಿನ ಗಳುವಿನಂಥ ಒಂದೇ ಉದ್ದ ಕೋಲು. ಅಲ್ಲಿಂದ ಬೆಳೆದು 1972ರಲ್ಲಿ ಸಪ್ಪೊರೊ, 1998ರಲ್ಲಿ ನಗಾನೊ ನಗರಗಳಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ನಮ್ಮ ಕನ್ನಡದ ಹುಡುಗಿಯರೇನೂ ಕಡಿಮೆಯಿಲ್ಲ. ಹಿಮವೇ ಬೀಳದ ಕೊಡಗಿನಲ್ಲಿ ಹುಟ್ಟಿದ ಭವಾನಿ ತೆಕ್ಕಡ ನಂಜುಂಡ ಎಂಬ ಯುವತಿ 2025ರಲ್ಲಿ ದೂರದ ಚಿಲಿ ದೇಶದಲ್ಲಿ 5 ಕಿ.ಮೀ. ಸ್ಕೀ ಓಟದಲ್ಲಿ ಕಂಚಿನ ಪದಕ ಗೆದ್ದರು.

ಅಟ್ಟದ ಮೇಲಿನ ಸ್ಕೀ

ಮಧ್ಯಾಹ್ನ ಹಿಮದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಪಕ್ಕದಲ್ಲೇ ಮೂವರು ಹೆಂಗಸರು, ಎಲ್ಲರೂ ಅರವತ್ತೈದು ದಾಟಿದವರು. ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣನ್ನು ನಡುವೆ ಇಟ್ಟು ಕಟ್ಟಿದ ಅನ್ನದ ಉಂಡೆ ತಿನ್ನುತ್ತಿದ್ದರು. ನಮ್ಮ ಮೊಸರನ್ನಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಅವರಲ್ಲಿ ಒಬ್ಬಾಕೆ, ತೆಳ್ಳಗೆ, ಬಿಸಿಲಿಗೆ ಕಂದಿದ ಮುಖ, ನಮ್ಮ ಹಳದಿ ಅನ್ನವನ್ನು ಕಂಡು ನಕ್ಕು ತಲೆಬಾಗಿದರು. ಮೂಲಂಗಿ ಉಪ್ಪಿನಕಾಯಿ ಕೊಟ್ಟರು. ಮೀನಿನ ಸಾರು ಸೇರಿದೆಯೇ ಎಂದು ಮಗಳು ಕೇಳಿದಳು. ಅಲ್ಲಿ ಸಸ್ಯಾಹಾರಿಗಳು ಎಲ್ಲದಕ್ಕೂ ಇದನ್ನು ಕೇಳಲೇಬೇಕು. ಇಲ್ಲವೆಂದರು. ನಾನು ಚಟ್ನಿಪುಡಿ ಕೊಟ್ಟೆ. ಅನ್ನದ ಉಂಡೆಗೆ ಅದ್ದಿ ಬಾಯಿಗೆ ಹಾಕಿಕೊಂಡವರು ಒಂದು ಗಳಿಗೆ ಸುಮ್ಮನಿದ್ದು, ಕಣ್ಣಲ್ಲಿ ನೀರು ತುಂಬಿಕೊಂಡು, ಮತ್ತೆ ಡಬ್ಬಿಯ ಕಡೆ ಕೈ ಚಾಚಿದರು!

ಮಗಳನ್ನು ನಡುವೆ ಇಟ್ಟುಕೊಂಡು ಮಾತಿಗಿಳಿದೆವು. ಆಕೆಗೆ 71. ಬೆಟ್ಟದ ಕೆಳಗೆ ಸಗಾಯೆ ಕಡೆ ಚೆರ್ರಿ ಹಣ್ಣಿನ ತೋಟ, ಒಂದಿಷ್ಟು ಭತ್ತದ ಗದ್ದೆ. ಜಪಾನಿನ ಚೆರ್ರಿಯಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಈ ಯಮಗಾತಾ ಪ್ರಾಂತದಲ್ಲೇ. ಏಪ್ರಿಲ್‌ನಲ್ಲಿ ಹೂವಿಗೆ ಇಬ್ಬನಿ ಗಡ್ಡೆಗಟ್ಟಿದರೆ ಬೆಳೆ ಹೋಯಿತು, ಅದಕ್ಕೆ ರಾತ್ರಿಯೆಲ್ಲ ತೋಟದಲ್ಲಿ ಬೆಂಕಿ ಹಾಕಿ ಕಾಯಬೇಕು. ಹಣ್ಣಾಗುವಾಗ ಮಳೆ ಬಿದ್ದರೆ ಸಿಪ್ಪೆ ಬಿರಿಯುತ್ತದೆ, ಅದಕ್ಕೆ ಮರಗಳ ಮೇಲೆ ಪ್ಲಾಸ್ಟಿಕ್ ಚಾವಣಿ. ಜೂನ್ ಬಂದರೆ ಬೆಳಗಿನ ಜಾವದಿಂದ ಕೊಯಿಲು. "ಈಗ ಒಂದು ದಿನ ಬಿಡುವು ಸಿಕ್ಕಿತು, ಬಂದೆ" ಎಂದರು.

"ಮನೆಯಲ್ಲಿ ಏನೂ ಅನ್ನಲ್ವಾ?" ನಾನು ಕೇಳಿಯೇಬಿಟ್ಟೆ.

ಆಕೆ ನಕ್ಕರು. ಆಮೇಲೆ ಹೇಳಿದ್ದು ಇದು. ಆಕೆ ಚಿಕ್ಕವರಿದ್ದಾಗ ಚಳಿಗಾಲದಲ್ಲಿ ಶಾಲೆಗೆ ಹೋಗುತ್ತಿದ್ದದ್ದೇ ಸ್ಕೀ ಹಲಗೆಯ ಮೇಲೆ. ಮದುವೆಯಾಗಿ ಬಂದಾಗ ಅದನ್ನೂ ಜೊತೆಗೆ ತಂದರು. ಅತ್ತೆ ನೋಡಿ ಬೈಯಲಿಲ್ಲ, ಅಟ್ಟ ತೋರಿಸಿದರು ಅಷ್ಟೆ. ಮೂವತ್ತೆರಡು ವರ್ಷ ಅದು ಅಟ್ಟದ ಮೇಲೇ ಇತ್ತು. ಅತ್ತೆ ಹೋದ ಮೇಲೆ ಅಟ್ಟ ಗುಡಿಸುವಾಗ ಸಿಕ್ಕಿತು. ಕೆಳಗಿಳಿಸಿ ಅಂಗಡಿಗೆ ಒಯ್ದರೆ, ಬೂಟು ಸಿಕ್ಕಿಸುವ ಕೊಂಡಿ ತುಕ್ಕು ಹಿಡಿದಿದೆ, ಇದು ಇನ್ನು ಆಗುವುದಿಲ್ಲ ಎಂದು ಅಂಗಡಿಯವನು ನಕ್ಕ. ಅಲ್ಲೇ ಒಂದು ಜೊತೆ ಹಳೆಯ ಹಲಗೆ ಕೊಂಡು ಮನೆಗೆ ಬಂದರು. ಗಂಡ, "ಯಾರಿಗೆ?" ಎಂದು ಕೇಳಿದನಂತೆ.

ನಾನು ಫೋನಿನಲ್ಲಿದ್ದ ನಮ್ಮ ಮನೆಯ ಅಟ್ಟದ ಚಿತ್ರ ತೋರಿಸಿದೆ. ರಾಶಿ ಸುರಿದ ಸುಲಿಯದ ಕಾಯಿ. ಹತ್ತು ಹನ್ನೆರಡು ತಿಂಗಳು ಹಾಗೇ ಬಿಡಬೇಕು, ಒಳಗಿನ ನೀರು ತಾನಾಗಿ ಆರಬೇಕು, ಅಲ್ಲಾಡಿಸಿದರೆ ಗಡಗಡ ಎಂದು ಉಂಡೆ ಚಿಪ್ಪು ಬಿಟ್ಟ ಸದ್ದು ಬರಬೇಕು, ಆಮೇಲೆಯೇ ಸುಲಿದು ಒಡೆಯುವುದು ಎಂದು ವಿವರಿಸಿದೆ. ಆಕೆ ಚಿತ್ರವನ್ನೇ ನೋಡುತ್ತಾ ಏನೋ ಅಂದರು. ಮಗಳು ಅನುವಾದಿಸಿದಳು: "ನಿಮ್ಮಲ್ಲೂ ಅಟ್ಟದ ಮೇಲೆ ಕಾಯುತ್ತೆ."

ಇನ್ನೊಂದು ಮಾತು ಆಕೆ ಹೇಳಿದ್ದು ನಮ್ಮ ರೈತ ಮನೆಯವರಿಗೆ ಇಷ್ಟವಾಗುತ್ತದೆ. ಇಲ್ಲಿಂದ ಉತ್ತರಕ್ಕೆ ಚೋಕಾಯ್ ಎಂಬ ಬೆಟ್ಟವಿದೆ. ವಸಂತದಲ್ಲಿ ಹಿಮ ಕರಗುತ್ತಾ ಕರಗುತ್ತಾ ಅದರ ಮೈಮೇಲೆ ಬೀಜ ಬಿತ್ತುವ ಮುದುಕನ ಆಕಾರ ಮೂಡುತ್ತದೆ. ಅದನ್ನು ಕಂಡರೆ ಬಿತ್ತನೆಗೆ ಹೊತ್ತಾಯಿತೆಂದು ಲೆಕ್ಕ. ಜಪಾನಿನ ಬೆಟ್ಟಗಳಲ್ಲಿ ಇಂಥವು ಹಲವಿವೆ. ಗದ್ದೆ ಹದ ಮಾಡುವ ಕುದುರೆಯ ಆಕಾರ ಮೂಡುವ ಬೆಟ್ಟವೂ ಇದೆ. ನಾವು ಭರಣಿ, ಕೃತ್ತಿಕೆ ಎಂದು ಮಳೆ ನಕ್ಷತ್ರ ಎಣಿಸಿದಂತೆ ಅವರು ಬೆಟ್ಟದ ಹಿಮ ನೋಡುತ್ತಾರೆ. ನಾವು ಆಡುತ್ತಿದ್ದ ಈ ಹಿಮವೇ ಕರಗಿ ಕೆಳಗಿನ ಗದ್ದೆಗಳಿಗೆ ನೀರಾಗುತ್ತದೆ. ಅಂದು ರೈಲಿನ ಕಿಟಕಿಯಿಂದ ಕಂಡ ಗದ್ದೆಗಳಲ್ಲೆಲ್ಲ ನೀರು ನಿಂತು ಆಕಾಶ ಹೊಳೆಯುತ್ತಿದ್ದುದು ನೆನಪಾಯಿತು.

ಕೆರೆ ಏರಿಯ ಮಟ್ಟೆ

ಸಂಜೆ ನಾಲ್ಕರ ಹೊತ್ತಿಗೆ ಲಿಫ್ಟಿನಲ್ಲೇ ಕೆಳಗಿಳಿದೆ. ಆಕೆ ಸ್ಕೀ ಮೇಲೆ ಇಳಿದು ನಮಗಿಂತ ಮೊದಲೇ ಬಂದು ನಿಂತಿದ್ದರು. ಲಿಫ್ಟಿನ ದಾರಿಯಿಂದ ದೂರಕ್ಕೆ, ಯಾರೂ ಸ್ಕೀ ಮಾಡದ ಪುಟ್ಟ ಇಳಿಜಾರಿನಲ್ಲಿ ಮೊಮ್ಮಗಳು ಪ್ಲಾಸ್ಟಿಕ್ಕಿನ ಜಾರುಬಂಡಿಯ ಮೇಲೆ ಕೂತು ಜಾರುತ್ತಿದ್ದಳು. ಮೊರದಷ್ಟು ಅಗಲ, ಮುಂದೆ ಒಂದು ಹಗ್ಗ. ಅದನ್ನು ನೋಡುತ್ತಾ ನಿಂತವಳಿಗೆ ನಮ್ಮೂರ ಕೆರೆ ಏರಿ ಕಣ್ಣಿಗೆ ಕಟ್ಟಿತು.

ನಮ್ಮ ಕಡೆ ಹುಟ್ಟಿದ ನೀವೆಲ್ಲ ಆಡಿರುತ್ತೀರಿ. ಉದುರಿದ ಸೋಗೆಯ ಬುಡದ ಅಗಲವಾದ ಮಟ್ಟೆಯ ಮೇಲೆ ಕೂತು, ಗರಿ ಹಿಡಿದು ಒಬ್ಬರು ಎಳೆಯುವುದು. ಎಳೆಯುವವರು ಇಲ್ಲದಿದ್ದರೆ ಕೆರೆ ಏರಿಯ ಮೇಲಿನಿಂದ ಹುಲ್ಲಿನ ಮೇಲೆ ಸರ್ರನೆ ಕೆಳಕ್ಕೆ. ಲಂಗ ಹರಿದು, ತೊಡೆ ತರಚಿ, ಮನೆಯಲ್ಲಿ ಬೈಸಿಕೊಂಡು, ಮಾರನೆಯ ದಿನ ಮತ್ತೆ. ಏರಿಯ ಮೇಲಿನಿಂದ ನನ್ನಷ್ಟು ದೂರ ಜಾರುವವರು ನಮ್ಮ ಊರಿನ ಹುಡುಗರಲ್ಲೂ ಇರಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಮಗಳಿಗೆ ಹೇಳಿದೆ. ಅವಳು ಆಕೆಗೆ ಹೇಳಿದಳು. "ಯಾವಾಗ ಬಿಟ್ರಿ?" ಎಂದು ಆಕೆ ಕೇಳಿದರು.

ಹದಿಮೂರಕ್ಕೆ. ಯಾರೂ ಗದರಲಿಲ್ಲ. ದೊಡ್ಡವಳಾದ ಮೇಲೆ ಒಂದು ದಿನ ಮಟ್ಟೆ ಎತ್ತಿಕೊಂಡು ಹೊರಟಾಗ ನಮ್ಮಮ್ಮ ಕೈಯಿಂದ ಇಸಿದುಕೊಂಡು, "ಒಲೆಗೆ ಬೇಕು" ಎಂದಳು. ಅಷ್ಟೇ. ಆ ಹೊತ್ತಿನಿಂದ ಮಟ್ಟೆ ಕಂಡರೆ ಒಲೆ ಮಾತ್ರ ನೆನಪಾಗುವ ಹಾಗಾಯಿತು.

ಇದನ್ನು ಜಪಾನಿಯಲ್ಲಿ ಹೇಳಿ ಮುಗಿಸಿದ ಮಗಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, ಮೆಲ್ಲಗೆ, "ನನ್ನ ಸೈಕಲ್ ಏನಾಯ್ತಮ್ಮ?" ಎಂದಳು.

ನಾನು ಉತ್ತರ ಕೊಡಲಿಲ್ಲ. ಅವಳು ಎಂಟನೆಯ ತರಗತಿಯಲ್ಲಿದ್ದಾಗ ಕೆಂಪು ಸೈಕಲ್ಲೊಂದಿತ್ತು. ಆ ವರ್ಷದ ಬೇಸಿಗೆಯಲ್ಲಿ ಅದನ್ನು ನಮ್ಮ ಮೈದುನನ ಮಗನಿಗೆ ಕೊಟ್ಟುಬಿಟ್ಟಿದ್ದೆ. "ಬಸ್ಸಿದೆಯಲ್ಲ" ಎಂದಿದ್ದೆ. ಅವಳು ಅತ್ತಿರಲಿಲ್ಲ, ಜಗಳವಾಡಿರಲಿಲ್ಲ. ಮರೆತಿದ್ದಾಳೆ ಎಂದುಕೊಂಡು ನಾನೂ ಮರೆತಿದ್ದೆ. ಇಪ್ಪತ್ತೈದು ವರ್ಷದ ಮೇಲೆ, ಯಾವುದೋ ದೇಶದ ಬೆಟ್ಟದ ಮೇಲೆ ಕೇಳಿದಳು. ನಮ್ಮಮ್ಮ ಮಟ್ಟೆ ಇಸಿದುಕೊಂಡ ಕೈ ನನ್ನದೂ ಆಗಿತ್ತಲ್ಲ!

"ತಪ್ಪಾಯ್ತು ಕಣೆ" ಎಂದೆ. ತಾಯಿಯ ಬಾಯಲ್ಲಿ ಮಕ್ಕಳಿಗೆ ಈ ಮಾತು ಬರುವುದು ನಮ್ಮಲ್ಲಿ ಕಡಿಮೆ. ಅವಳು ಏನೂ ಅನ್ನಲಿಲ್ಲ. ಜಾರುಬಂಡಿಯ ಹಗ್ಗ ತಂದು ನನ್ನ ಕೈಗಿಟ್ಟಳು.

ಅಳಿಯ, "ಅತ್ತೆ, ಮಂಡಿ ಜೋಪಾನ, ಬೇಡ" ಎಂದರು. ನಿಜ, ಆ ಮಾತು ಕೇಳಬೇಕಾದದ್ದೇ. ಇಳಿಜಾರು ಚಿಕ್ಕದು, ಕೆಳಗೆ ಸಮತಟ್ಟು, ಮರವಾಗಲಿ ಕಲ್ಲಾಗಲಿ ಇಲ್ಲ ಎಂದು ಅವರೇ ಹೋಗಿ ನೋಡಿ ಬಂದು ಕೆಳಗೆ ನಿಂತುಕೊಂಡರು. ನಾನು ಕೂತೆ. ಚೆರ್ರಿ ತೋಟದ ಆಕೆ ಹಿಂದಿನಿಂದ ಬೆನ್ನಿಗೆ ಕೈಯಿಟ್ಟು ನೂಕಿದರು. ಮೂವತ್ತು ಮೀಟರ್ ಇರಬಹುದು, ನಾಲ್ಕೈದು ಕ್ಷಣ. ಜರಮೆ ಹಿಮ ಕೆಳಗೆ ಪರಪರ ಎಂದಿತು, ಗಾಳಿ ಕಿವಿಗೆ ಬಡಿಯಿತು, ನನ್ನ ಬಾಯಿಂದ ಎಂಥದೋ ಕೂಗು ಹೊರಟಿತು. ಕೆಳಗೆ ಹೋಗಿ ಪಕ್ಕಕ್ಕೆ ಉರುಳಿದೆ. ಅಳಿಯ ಓಡಿ ಬಂದರು. ನಾನು ಏಳಲಿಲ್ಲ, ಏಕೆಂದರೆ ನಗು ನಿಲ್ಲುತ್ತಿರಲಿಲ್ಲ. ಮೊಮ್ಮಗಳು, "ಅಜ್ಜಿ, ಈಗ ನನ್ನ ಸರದಿ" ಎಂದಳು. "ನಿಲ್ಲೇ, ಇನ್ನೊಂದು ಸಲ" ಎಂದೆ. ಮೂರು ಸಲ ಜಾರಿದೆ. ಮೂರನೆಯ ಸಲ ಮಗಳು ನನ್ನ ಹಿಂದೆ ಕೂತಳು.

ಸ್ನಾನದ ಮನೆಯಲ್ಲಿ

ಶಿಜುವಿಗೆ ಇಳಿದು ಊಟೆಯ ಸ್ನಾನ. ಹೆಂಗಸರಿಗೆ ಬೇರೆಯೇ ಕೊಳ. ಆದರೆ ಒಳಗೆ ಹೋಗುವವರು ಮೈಮೇಲೆ ನ

ೂಲೆಳೆಯೂ ಇಲ್ಲದೆ ಹೋಗಬೇಕು! ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮನೆಗೆ ಹೊರಡುವ ಮುನ್ನ ಸ್ನಾನಕ್ಕೆ ಬಂದಿದ್ದ ಆಕೆ ನನ್ನ ಕೈ ಹಿಡಿದು ಕರೆದೊಯ್ದರು. ಮೊದಲು ಪುಟ್ಟ ಮಣೆಯ ಮೇಲೆ ಕೂತು ಬಕೆಟ್ಟಿನ ನೀರಿನಲ್ಲಿ ಮೈ ತೊಳೆಯಬೇಕು, ಆಮೇಲೆ ಕೊಳಕ್ಕೆ ಇಳಿಯಬೇಕು. ಎರಡು ನಿಮಿಷ ನಾಚಿಕೆ. ಅಲ್ಲಿದ್ದವರು ಯಾರೂ ಯಾರನ್ನೂ ನೋಡುವುದಿಲ್ಲ. ಹೆರಿಗೆಯ ಗೆರೆ, ಜೋತ ಹೊಟ್ಟೆ, ಊದಿದ ಮಂಡಿ ಎಲ್ಲರಿಗೂ ಇದ್ದವು. ಹಬ್ಬದ ಹಿಂದಿನ ದಿನ ಎಣ್ಣೆ ಹಚ್ಚಿ ಹಂಡೆ ನೀರು ಹುಯ್ದುಕೊಂಡ ಸುಖವೇ ಅದು, ಆದರೆ ಇಲ್ಲಿ ನೀರು ಕಾಯಿಸುವ ಕೆಲಸ ಯಾರಿಗೂ ಇಲ್ಲ. ಆಕೆ ತಮ್ಮ ಮಂಡಿ ತೋರಿಸಿದರು, ನಾನು ನನ್ನದು ತೋರಿಸಿದೆ. ಮಗಳ ಅನುವಾದ ಬೇಕಾಗಲಿಲ್ಲ.

ನೀರಿನಲ್ಲಿ ಕೂತು ಮಗಳು ಒಂದು ವಿಷಯ ಹೇಳಿದಳು. ಜಪಾನಿನ ಅನೇಕ ಪವಿತ್ರ ಬೆಟ್ಟಗಳಿಗೆ ಹಿಂದೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಆ ನಿಷೇಧವನ್ನು ಸರ್ಕಾರ ತೆಗೆದದ್ದು 1872ರಲ್ಲಿ. ನೂರು ವರ್ಷ ಕಳೆದು ಮೂರು ವರ್ಷಕ್ಕೆ, 1975ರ ಮೇ 16ರಂದು, ಎವರೆಸ್ಟ್ ಶಿಖರದ ಮೇಲೆ ಕಾಲಿಟ್ಟ ಮೊದಲ ಹೆಂಗಸು ಜಪಾನಿನವರೇ, ಜುಂಕೊ ತಬೆಯ್. ಯಮಗಾತಾದ ನೆರೆಯ ಫುಕುಶಿಮಾ ಪ್ರಾಂತದಲ್ಲಿ ಹುಟ್ಟಿದವರು. ಮಗಳಿಗೆ ಆಗ ಮೂರು ವರ್ಷವಿರಬಹುದು. ಮಕ್ಕಳನ್ನು ನೋಡಿಕೊಳ್ಳುವುದು ಬಿಟ್ಟು ಇದೇನೆಂದು ಕೇಳಿದವರಿದ್ದರು. ಹಣ ಸಾಲದೆ ಅವರ ಮಹಿಳಾ ತಂಡ ಹಳೆಯ ಕಾರಿನ ಸೀಟಿನ ಹೊದಿಕೆ ಕತ್ತರಿಸಿ ಕೈಗವಸು ಹೊಲಿದುಕೊಂಡಿತಂತೆ. ಹೊಲಿಗೆ ಬರುವ ನಮ್ಮ ಕೈಗಳಿಗೆ ಇದು ಅರ್ಥವಾಗುವ ಮಾತು. ತಬೆಯ್ 2016ರಲ್ಲಿ ತೀರಿಕೊಂಡರು.

ಊಟಕ್ಕೆ ಬೆಟ್ಟದ ಸೊಪ್ಪುಗಳು. ಹಿಮ ಕರಗಿದ ಕಡೆ ಏಳುವ ಸುರುಳಿ ಜರೀಗಿಡದ ಕುಡಿಯನ್ನು ಬೇಯಿಸಿ ಎಳ್ಳಿನಲ್ಲಿ ಕಲಸಿದ್ದು, ಕಾಡುಮರದ ಚಿಗುರಿನ ಬಜ್ಜಿ. ಕೊಡಗು, ಮಲೆನಾಡಿನ ಕಡೆಯವರು ಜರೀಗಿಡದ ಕುಡಿ, ಕಳಲೆ ತಿನ್ನುವುದನ್ನು ಕೇಳಿದ್ದೆ. ತಿಂದದ್ದು ಅಲ್ಲೇ ಮೊದಲು.

ಆಕೆ ಹೊರಡುವಾಗ ಉಳಿದ ಚಟ್ನಿಪುಡಿಯನ್ನೆಲ್ಲ ಕಟ್ಟಿ ಕೊಟ್ಟೆ. ಜುಲೈ ಕೊನೆಗೆ, ಕೊಯಿಲು ಮುಗಿದ ಮೇಲೆ, ಮಗಳಿಗೆ ಸಂದೇಶ ಕಳಿಸಿದ್ದರು. ಪುಡಿ ಮುಗಿದಿದೆ, ಮಾಡುವ ಬಗೆ ತಿಳಿಸಿ ಎಂದು. ಮಗಳಿಗೂ ಅಳತೆ ಗೊತ್ತಿರಲಿಲ್ಲ, ಫೋನು ಮಾಡಿದಳು. ನಾನು ಹೇಳಿದ್ದು ಇಷ್ಟು.

ಒಂದು ಬಟ್ಟಲು ಕಡಲೆಬೇಳೆ, ಅರ್ಧ ಬಟ್ಟಲು ಉದ್ದಿನಬೇಳೆ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿಯಬೇಕು. ಒಂದು ಚಮಚ ಎಣ್ಣೆಯಲ್ಲಿ ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕರಿಬೇವು ಗರಿಗರಿಯಾಗುವವರೆಗೆ. ಆಕೆಗಾದರೆ ಮೆಣಸಿನಕಾಯಿ ಆರು ಸಾಕು. ಒಂದೂವರೆ ಬಟ್ಟಲು ತುರಿದ ಕೊಬ್ಬರಿಯನ್ನು ಕೊನೆಯಲ್ಲಿ ಬಿಸಿ ಬಾಣಲೆಗೆ ಹಾಕಿ ಬೆಚ್ಚಗೆ ಮಾಡಿದರೆ ಆಯಿತು, ಕೆಂಪಾಗಬಾರದು. ಗೋಲಿ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ಚಿಟಿಕೆ ಇಂಗು, ರುಚಿಗೆ ಉಪ್ಪು. ಬೇಳೆ, ಮೆಣಸಿನಕಾಯಿ, ಹುಣಸೆ ಮೊದಲು ಪುಡಿ ಮಾಡಿ, ಆಮೇಲೆ ಕೊಬ್ಬರಿ, ಬೆಲ್ಲ ಸೇರಿಸಿ ಒಂದೇ ಸುತ್ತು ತಿರುಗಿಸಬೇಕು. ಹೆಚ್ಚು ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆರಿದ ಮೇಲೆ ಡಬ್ಬಿಗೆ.

"ಕೊಬ್ಬರಿ ಅವರಿಗೆಲ್ಲಿ ಸಿಗುತ್ತಮ್ಮ?" ಎಂದಳು ಮಗಳು.

ನಿಶಿ-ಕಸಾಯ್ ಅಂಗಡಿಯ ಒಣ ತುರಿ ಕೊಂಡು ಅವರಿಗೆ ಕಳಿಸು, ರುಚಿ ಅಷ್ಟಿಲ್ಲದಿದ್ದರೂ ನಡೆಯುತ್ತೆ ಎಂದೆ. ಫೋನಿಡುವ ಮುನ್ನ, ಮೊಮ್ಮಗಳಿಗೆ ಸೈಕಲ್ ಕೊಡಿಸಲು ನಾನು ಕಳಿಸಿದ ಹಣ ತಲುಪಿತೇ ಎಂದು ಕೇಳಿದೆ. ತಲುಪಿದೆಯಂತೆ. ಕೆಂಪು ಬಣ್ಣದ್ದೇ ಆರಿಸಿದ್ದಾಳಂತೆ. ಸೀಟು ಕೊಂಚ ಎತ್ತರಿಸಿ ಮಗಳೂ ಒಂದು ಸುತ್ತು ಹೋಗಿ ಬಂದಳಂತೆ.